ಕೋಲು, ದಾರ, ಟ್ರೇಸಿಂಗ್ ಕಾಗದ: ಕಂಪ್ಯೂಟರ್ ಬರುವ ಮೊದಲು ಮನೆಯ ನಕ್ಷೆ

ಮುಳ್ಳೇರಿಯದಿಂದ ಚೆರ್ಕಳದ ಕಡೆಗೆ ಹೋಗಲಿ, ಜಾಲ್ಸೂರಿನ ಕಡೆಗೆ ಹೋಗಲಿ, ರಸ್ತೆ ಬದಿಯಲ್ಲಿ ಇಂದು ಏಳುತ್ತಿರುವ ಮನೆಗಳ ನಕ್ಷೆ ಕಂಪ್ಯೂಟರಿನಲ್ಲೇ ಆಗುವುದು. ಒಳಗಿನ ತೋಟಗಳ ನಡುವೆ ಇರುವ ಹಳೆಯ ನಾಲ್ಕು ಸುತ್ತಿನ ಮನೆಗಳಿಗೆ ಹೆಚ್ಚಾಗಿ ಕಾಗದದ ನಕ್ಷೆಯೇ ಇರಲಿಲ್ಲ. ನಕ್ಷೆ ಇದ್ದದ್ದು ಆಚಾರಿಯ ಕೋಲಿನಲ್ಲಿ, ಲೆಕ್ಕದಲ್ಲಿ.

ಒಂದು ಕೋಲು ಎಂದರೆ 24 ಅಂಗುಲ, ಇಂದಿನ ಲೆಕ್ಕಕ್ಕೆ ಸುಮಾರು 72 ಸೆಂಟಿಮೀಟರ್. ನಾವು ಈಗ ಮೊದಲು ಕೋಣೆಗಳನ್ನು ಬಿಡಿಸುತ್ತೇವೆ. ಅವರು ಮೊದಲು ಸುತ್ತಳತೆ ನಿಶ್ಚಯಿಸುತ್ತಿದ್ದರು. ಸುತ್ತಳತೆಯ ಕೋಲನ್ನು 3ರಿಂದ ಗುಣಿಸಿ 8ರಿಂದ ಭಾಗಿಸಬೇಕು. ಉಳಿಯುವ ಶೇಷವೇ ಆಯ. ಶೇಷ 1 ಬಂದರೆ ಧ್ವಜಾಯ, 3 ಸಿಂಹ, 5 ವೃಷಭ, 7 ಗಜ. ಬೆಸ ಶೇಷ ಆಗಬಹುದು, ಸಮ ಶೇಷ ಕೂಡದು. 43 ಕೋಲು ತೆಗೆದುಕೊಳ್ಳಿ: ಮೂರರಿಂದ ಗುಣಿಸಿದರೆ 129, ಎಂಟರಿಂದ ಭಾಗಿಸಿದರೆ ಶೇಷ 1. ಧ್ವಜಾಯ ಸಿಕ್ಕಿತು. 8 ಅಂಗುಲ ಹೆಚ್ಚಿಸಿದರೆ ಶೇಷ ಒಂದು ಹೆಚ್ಚುತ್ತದೆ, ಹಾಗಾಗಿ ಮುಂದಿನ ಒಳ್ಳೆಯ ಅಳತೆ ಸಿಗಬೇಕಾದರೆ 16 ಅಂಗುಲ ಮುಂದೆ ಹೋಗಬೇಕು. ಶುಭಾಶುಭ ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ನನಗೆ ಇದರಲ್ಲಿ ಕಾಣುವುದು ಒಂದು ಕಟ್ಟುಪಾಡು: ಮನಸ್ಸಿಗೆ ಬಂದ ಅಳತೆಗೆ ಅಲ್ಲಿ ಜಾಗವಿಲ್ಲ. ಯಾವ ಆಚಾರಿ ಬಂದರೂ ಅದೇ ಲೆಕ್ಕ ಹಿಡಿದು ಕೆಲಸ ಮುಂದುವರಿಸಬಹುದಿತ್ತು.

ಕಷ್ಟದ ಕೆಲಸ ಮಾಡಿನದು. ಮೂಲೆಯ ಪಕ್ಕಾಸು ಉಳಿದವಕ್ಕಿಂತ ಉದ್ದ, ತುದಿಯ ಕೊಯ್ತವೂ ಓರೆ. ಅದನ್ನು ನೆಲದ ಮೇಲೆ ದಾರ ಹಿಡಿದು ನಿಜವಾದ ಅಳತೆಯಲ್ಲೇ ಗೆರೆ ಎಳೆದು ಕಂಡುಕೊಳ್ಳಬಹುದು: ಅಡ್ಡಕ್ಕೆ ಮೂಲೆಯ ದೂರ, ಮೇಲಕ್ಕೆ ಮಾಡಿನ ಎತ್ತರ, ಎರಡನ್ನೂ ಸೇರಿಸುವ ಓರೆ ಗೆರೆಯೇ ಪಕ್ಕಾಸಿನ ಉದ್ದ. ಮಧೂರು ದೇವಸ್ಥಾನದ ಗಜಪೃಷ್ಠ ಮಾಡನ್ನು ಹಿಂಬದಿಯಿಂದ ಒಮ್ಮೆ ನೋಡಿ. ಆನೆಯ ಬೆನ್ನಿನಂತೆ ಬಳಸಿ ಬರುವ ಆ ಮಾಡು ಮೂರು ಅಂತಸ್ತಿನದು. ಕಂಪ್ಯೂಟರಿನಲ್ಲೂ ಅದನ್ನು ಬಿಡಿಸುವುದು ಸುಲಭವಲ್ಲ.

ಆಮೇಲೆ ಬಂದದ್ದು ಡ್ರಾಫ್ಟ್ಸ್‌ಮನ್‌ಗಳ ಕಾಲ. ಓರೆ ಹಲಗೆ, ಟಿ-ಸ್ಕ್ವೇರ್, ಟ್ರೇಸಿಂಗ್ ಕಾಗದ, ಶಾಯಿಯ ಪೆನ್ನು. ತಪ್ಪಿದರೆ ಬ್ಲೇಡಿನಿಂದ ಶಾಯಿ ಕೆರೆಯಬೇಕು. ಹೆಚ್ಚು ಕೆರೆದರೆ ಕಾಗದ ತೂತು. ಪ್ರತಿ ಬೇಕಾದಾಗ ಟ್ರೇಸಿಂಗನ್ನು ಮದ್ದು ಹಚ್ಚಿದ ಕಾಗದದ ಮೇಲಿಟ್ಟು ಬೆಳಕಿಗೆ ಹಿಡಿದು, ಅಮೋನಿಯದ ಹಬೆ ತಾಗಿಸುತ್ತಿದ್ದರು. ಬೆಳಕು ಬಿದ್ದ ಜಾಗ ಬಿಳಿಯಾಗುತ್ತದೆ, ಗೆರೆಗಳು ನೀಲಿಯಾಗಿ ಮೂಡುತ್ತವೆ. ಆ ವಾಸನೆ ಮೂಗಿಗೆ ಬಡಿದವರು ಮರೆಯಲಾರರು.

ಇದನ್ನೆಲ್ಲ ಈಗ ಬರೆಯಲು ಕಾರಣವಿದೆ. ಹಳೆಯ ಮನೆಗಳ ದುರಸ್ತಿಗೆ ಬರುವವರು ಮೀಟರಿನಲ್ಲಿ ಅಳೆದು ಅಂಕಿಯನ್ನು ಸರಿಮಾಡಿಬಿಡುತ್ತಾರೆ. 43 ಕೋಲು ಎಂದರೆ 30.96 ಮೀಟರ್, 31 ಎಂದು ಬರೆದರೆ ಒಂದು ಅಂಗುಲಕ್ಕಿಂತ ಹೆಚ್ಚು ವ್ಯತ್ಯಾಸ. ಹೊಸ ಮರ ಹಳೆಯ ಕುಳಿಗೆ ಕೂರದೆ ಇರಲು ಅಷ್ಟು ಸಾಕು. ದುರಸ್ತಿಗೆ ಮೊದಲು ಹಿರಿಯ ಆಚಾರಿಯೊಬ್ಬರಿಂದ ಕೋಲಿನಲ್ಲೇ ಅಳೆಸಿ ಬರೆದಿಡಿ. ಅಟ್ಟದಲ್ಲಿ ನೀಲಿ ಗೆರೆಯ ಹಾಳೆಗಳಿದ್ದರೆ ಬಿಸಿಲಿಗೆ ಹರಡಬೇಡಿ, ಬೆಳಕಿಗೆ ಅವು ಮಾಸುತ್ತವೆ. ನೆರಳಿನಲ್ಲಿಟ್ಟು ಮೊಬೈಲಿನಲ್ಲಿ ಚಿತ್ರ ತೆಗೆಯಿರಿ, ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟುಕೊಂಡು.