ಮಳೆ ಕೈಕೊಟ್ಟರೆ ಬೀದಿಗೆ ಬೆಂಕಿ ಏಕೆ?

ಪ್ರಶ್ನೆ: ಹವಾಮಾನ ಬದಲಾವಣೆಗೂ ರಾಜಕೀಯ ಗಲಭೆಗೂ ನಿಜಕ್ಕೂ ಸಂಬಂಧವಿದೆಯೇ?
– ಓದುಗರೊಬ್ಬರು, ಜಯನಗರ

ಉತ್ತರ: ಇದೆ, ಆದರೆ ನೇರವಾಗಿ ಅಲ್ಲ. 2016ರ ಸೆಪ್ಟೆಂಬರ್ 12 ನೆನಪಿಸಿಕೊಳ್ಳಿ. ಕೊಡಗಿನಲ್ಲಿ ಮುಂಗಾರು ಕೈಕೊಟ್ಟು ಕಾವೇರಿಯ ಕೆಆರ್‌ಎಸ್ ಜಲಾಶಯ ತುಂಬಿರಲಿಲ್ಲ. ತಮಿಳುನಾಡಿಗೆ ನಿತ್ಯ 12,000 ಕ್ಯೂಸೆಕ್ ನೀರು ಬಿಡಿ ಎಂದು ಸುಪ್ರೀಂ ಕೋರ್ಟ್ ಹೇಳಿದ ದಿನವದು. ಅಂದೇ ಬೆಂಗಳೂರಿನ ಬನಶಂಕರಿಯಾಚೆ ಡಿಸೋಜ ನಗರದ ಡಿಪೋದಲ್ಲಿ ಸಾಲಾಗಿ ನಿಂತಿದ್ದ ಹತ್ತಾರು ಖಾಸಗಿ ಬಸ್ಸುಗಳು ಗಲಭೆಯಲ್ಲಿ ಸುಟ್ಟು ಕರಕಲಾದವು. ಹೆಗ್ಗನಹಳ್ಳಿಯಲ್ಲಿ ಗೋಲಿಬಾರ್‌ಗೆ ಒಂದು ಜೀವ ಹೋಯಿತು.

ಆ ಒಂದು ವರ್ಷದ ಬರವನ್ನು ಹವಾಮಾನ ಬದಲಾವಣೆಯ ತಲೆಗೆ ಕಟ್ಟಲಾಗದು. 1991ರಲ್ಲೂ ಕಾವೇರಿ ಗಲಭೆ ಆಗಿತ್ತಲ್ಲ. ಆದರೆ ಭೂಮಿ ಬಿಸಿಯಾದಂತೆ ಮಳೆ ಒಮ್ಮೆಲೇ ಸುರಿದು, ನಡುವೆ ವಾರಗಟ್ಟಲೆ ನಾಪತ್ತೆಯಾಗುವುದು ಹೆಚ್ಚುತ್ತದೆ. ಸುಪ್ರೀಂ ಕೋರ್ಟಿನ 2018ರ ತೀರ್ಪಿನಂತೆ ನಾವು ತಮಿಳುನಾಡಿಗೆ ಬಿಳಿಗುಂಡ್ಲುವಿನಲ್ಲಿ ಕೊಡಬೇಕಾದ 177.25 ಟಿಎಂಸಿ, ವಾಡಿಕೆ ಮಳೆಯ ವರ್ಷದ ಲೆಕ್ಕ. ಮಳೆ ಕಡಿಮೆಯಾದರೆ ಯಾರಿಗೆಷ್ಟು ಕಡಿತ ಎಂಬುದಕ್ಕೆ ಎರಡೂ ರಾಜ್ಯ ಒಪ್ಪಿದ ಸೂತ್ರವಿಲ್ಲ. ಮಂಡ್ಯದ ಗದ್ದೆ, ತಂಜಾವೂರಿನ ಗದ್ದೆ, ಜೆ.ಪಿ. ನಗರದ ನಲ್ಲಿ ಎಲ್ಲವೂ ಕಾಯುವುದು ಅದೇ ನದಿಯನ್ನು. ಜಗಳ ಹುಟ್ಟುವುದು ಇಲ್ಲೇ.

2023ರ ಆಗಸ್ಟ್ ಒಣಗಿತು. ಕಾವೇರಿ ನೀರಿನ ವಿಚಾರಕ್ಕೆ ಸೆಪ್ಟೆಂಬರ್ 26ಕ್ಕೆ ಬೆಂಗಳೂರು ಬಂದ್, 29ಕ್ಕೆ ಕರ್ನಾಟಕ ಬಂದ್. ಆದರೆ ಆ ಸಲ 2016ರಂತೆ ನಗರ ಹೊತ್ತಿ ಉರಿಯಲಿಲ್ಲ. ಬರ ಬಂದಲ್ಲೆಲ್ಲ ಗಲಭೆ ಆಗಲೇಬೇಕೆಂದಿಲ್ಲ ಎಂಬುದಕ್ಕೆ ನನಗೆ ಅದೇ ಸಾಕ್ಷಿ. ಹಾಗಾಗಿ ಮಳೆ ಕಡಿಮೆಯಾದಾಗ ನೀರು ಹಂಚುವ ಸೂತ್ರವನ್ನು ಜಲಾಶಯ ತುಂಬಿದ ವರ್ಷವೇ ಕೂತು ಬರೆದುಕೊಳ್ಳಬೇಕು.