ಅಣಬೆ ಕೋಣೆಗೆ ಸೆನ್ಸರ್ ಕೊಳ್ಳುವ ಮುನ್ನ

ಚಿಪ್ಪು ಅಣಬೆಯ ಕಾಂಡ ಉದ್ದವಾಗಿ ಟೋಪಿ ಸಣ್ಣದಾಗಿದ್ರೆ ಮೊದಲು ಗಾಳಿ ನೋಡಿ. ಅಣಬೆಯೂ ಉಸಿರಾಡಿ ಕಾರ್ಬನ್ ಡೈಆಕ್ಸೈಡ್ ಬಿಡುತ್ತೆ. ಹೊರಗೆ ಅದು ಸುಮಾರು 420 ಪಿಪಿಎಂ. ಮೊಗ್ಗು ಬಂದ ಮೇಲೆ ಕೋಣೆಯಲ್ಲಿ 1000 ದಾಟದಂತೆ ನಾನು ಫ್ಯಾನ್ ಹಾಕ್ತೀನಿ.

'ಎನ್‌ಡಿಐಆರ್' ಅಂತ ಬರೆದಿರೋ ಸೆನ್ಸರನ್ನೇ ಕೊಳ್ಳಿ. ಈ ಅನಿಲ 4.26 ಮೈಕ್ರಾನ್ ಅಲೆಯ ಇನ್ಫ್ರಾರೆಡ್ ಬೆಳಕನ್ನು ಹೀರುತ್ತೆ. ಎಷ್ಟು ಕಡಿಮೆಯಾಯ್ತು ಅನ್ನೋದೇ ಲೆಕ್ಕ. 'ಇಸಿಒ2' ಅನ್ನೋ ಅಗ್ಗದವು ಬೇರೆ ಆವಿ ನೋಡಿ ಅಂದಾಜು ಹೇಳುತ್ತವೆ, ದುಡ್ಡು ದಂಡ.

ಹಲವು ಸೆನ್ಸರ್‌ಗಳ ಆಟೋ ಕ್ಯಾಲಿಬ್ರೇಷನ್, ತಾನು ಕಂಡ ಅತಿ ಕಡಿಮೆ ಅಂಕಿಯನ್ನೇ 400 ಅಂದ್ಕೊಳ್ಳುತ್ತೆ. ಅಣಬೆ ಕೋಣೆ ಅಷ್ಟು ಇಳಿಯೋದೇ ಇಲ್ವಲ್ಲ! ಬರಬರುತ್ತಾ ನಿಜಕ್ಕಿಂತ ಕಡಿಮೆ ತೋರಿಸುತ್ತೆ. ಅದನ್ನು ಆಫ್ ಮಾಡಿ, ಆಗಾಗ ಹೊರಗಿನ ಗಾಳಿಯಲ್ಲಿಟ್ಟು ತಾಳೆ ನೋಡಿ. 5000 ದಾಟಿದ್ರೆ ಬಾಗಿಲು ತೆರೆದು, ಗಾಳಿ ಬದಲಾದ ಮೇಲೇ ಕೆಲಸದವರನ್ನು ಒಳಗೆ ಕಳಿಸಿ.