ಎಣಿಕೆಗೆ ಬಾರದ ನಡಿಗೆ

ದೊಡ್ಡಬಳ್ಳಾಪುರ ತಾಲ್ಲೂಕಿನ ಐದು ಹೋಬಳಿಗಳಲ್ಲಿ ಒಂದಾದ ಸಾಸಲಿನಲ್ಲಿ ನಮ್ಮ ನಂಟರದೊಂದು ಮನೆಯುಂಟು. ಕಳೆದ ಸುಗ್ಗಿಯ ಬಳಿಕ ಅಲ್ಲಿಗೆ ಹೋಗಿ ನಾಲ್ಕು ದಿನವಿದ್ದು ಬಂದೆವು. ಸಂಜೆಯಾಯಿತೆಂದರೆ ಆ ಮನೆಯ ಜಗುಲಿಯೇ ಒಂದು ಸಭೆ. ನೆರೆಹೊರೆಯವರು ನಾಲ್ಕಾರು ಮಂದಿ ಬಂದು ಕೂಡುವರು. ಮಾತು ಮಳೆಬೆಳೆಯಿಂದ ಹೊರಟು, ಮೊಬೈಲಿಗೆ ಹೊರಳಿ, ಸಿನಿಮಾವನ್ನು ಮುಟ್ಟಿ, ಕಡೆಗೆ ಸಕ್ಕರೆ ಕಾಯಿಲೆಯಲ್ಲಿ ಬಂದು ನಿಲ್ಲುವುದು. ಈ ವಿಷಯಗಳಲ್ಲಿ ಅಭಿಪ್ರಾಯವಿಲ್ಲದ ಮನುಷ್ಯನನ್ನು ನಾವು ಅಲ್ಲಿ ಕಾಣಲಿಲ್ಲ. ಆದರೆ ಅಭಿಪ್ರಾಯ ಹೇಳುವವರೆಲ್ಲರೂ ಗಂಡಸರೇ ಎಂಬುದು ನಮ್ಮ ಗಮನಕ್ಕೆ ಬಂದದ್ದು ಎರಡನೆಯ ದಿನ.

ಮನೆಯ ಯಜಮಾನರಿಗೆ ಅರುವತ್ತೈದು ದಾಟಿದೆ. ರಕ್ತದಲ್ಲಿ ಸಕ್ಕರೆ ಹೆಚ್ಚಿದೆಯೆಂದು ತಿಳಿದ ಮೇಲೆ, ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗನು ಒಂದು ಸ್ಮಾರ್ಟ್ ವಾಚನ್ನು ತಂದು ತಂದೆಯ ಕೈಗೆ ಕಟ್ಟಿ, ದಿನಕ್ಕೆ 10,000 ಹೆಜ್ಜೆ ನಡೆಯತಕ್ಕದ್ದೆಂದು ವಿಧಿಸಿ ಹೋಗಿದ್ದಾನೆ. ಯಜಮಾನರು ಮಾತಿಗೆ ತಪ್ಪುವವರಲ್ಲ. ರಾತ್ರಿ ಊಟವಾದ ಮೇಲೆ ನೂರಿನ್ನೂರು ಹೆಜ್ಜೆ ಬಾಕಿಯಿದ್ದರೆ ಅಂಗಳದಲ್ಲಿಯೇ ಗಾಣದೆತ್ತಿನಂತೆ ಸುತ್ತು ಹಾಕಿ, ಲೆಕ್ಕ ತುಂಬಿಸಿ, ಅನಂತರವೇ ಮಲಗುವರು. ಇದನ್ನು ನೋಡಿ ನಕ್ಕವರಲ್ಲಿ ನಾವೂ ಒಬ್ಬರೆಂದು ಒಪ್ಪಿಕೊಳ್ಳಬೇಕು.

ಈ ಹತ್ತು ಸಾವಿರದ ಹುಟ್ಟು ಸ್ವಾರಸ್ಯವಾದದ್ದು. 1964ರಲ್ಲಿ ಟೋಕಿಯೋ ನಗರದಲ್ಲಿ ಒಲಿಂಪಿಕ್ ಕ್ರೀಡೆಗಳಾದ ಮರುವರ್ಷ, ಜಪಾನಿನ ಯಾಮಸಾ ಎಂಬ ಸಂಸ್ಥೆಯವರು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಹೆಜ್ಜೆಯೆಣಿಕೆಯ ಯಂತ್ರವೊಂದನ್ನು ಮಾರಾಟಕ್ಕೆ ತಂದು ಅದಕ್ಕೆ ‘ಮಾಂಪೋ-ಕೇ’ ಎಂದು ಹೆಸರಿಟ್ಟರು. ಹತ್ತು ಸಾವಿರ ಹೆಜ್ಜೆಯ ಅಳತೆಗಾರನೆಂದು ಆ ಮಾತಿನ ಅರ್ಥ. ಅಂಗಡಿಯವರು ಇಟ್ಟ ಹೆಸರು ಲೋಕಕ್ಕೆಲ್ಲ ಶಾಸ್ತ್ರವಾಯಿತು! 2019ರಲ್ಲಿ ಅಮೆರಿಕದಲ್ಲಿ ಹದಿನಾರು ಸಾವಿರಕ್ಕೂ ಹೆಚ್ಚು ಮಂದಿ ವೃದ್ಧ ಸ್ತ್ರೀಯರನ್ನು ಕುರಿತು ಪ್ರಕಟವಾದ ಪರಿಶೀಲನೆಯಲ್ಲಿ, ದಿನಕ್ಕೆ ಸುಮಾರು 4,400 ಹೆಜ್ಜೆ ನಡೆಯುವವರಲ್ಲಿಯೇ, ಅದಕ್ಕಿಂತ ಬಹಳ ಕಡಮೆ ನಡೆಯುವವರಿಗಿಂತ ಸಾವು ಕಡಮೆಯಾಗಿದ್ದುದು ಕಂಡುಬಂತು. 7,500ರ ಬಳಿಕ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಇದನ್ನು ತಿಳಿಸಿದಾಗ ಯಜಮಾನರ ಮುಖ ಅರಳಲಿಲ್ಲ. “ಹಂಗಾದ್ರೆ ಇಷ್ಟು ದಿನ ಸುಮ್ಮನೆ ಸುತ್ತಿದ್ನೇ?” ಎಂದರು.

ಜಗುಲಿಯ ಮೂಲೆಯಲ್ಲಿ ಕೂರುತ್ತಿದ್ದ ಎಂಬತ್ತು ಮೀರಿದ ತಾತನೊಬ್ಬನಿಗೆ ಈ ವಾಚಿನ ವಿಷಯದಲ್ಲಿ ತಿರಸ್ಕಾರ. ಗರಡಿಮನೆಯ ಕೆಮ್ಮಣ್ಣು, ದಂಡ, ಬಸ್ಕಿ, ಸಾಮು ಇವೇ ಅವನ ಮಟ್ಟಿಗೆ ಅಂಗಸಾಧನೆ. ಬೆಂಗಳೂರಿನ ಕೆ. ವಿ. ಅಯ್ಯರ್ ಅವರು 1930ರಲ್ಲಿ ‘ಮಸಲ್ ಕಲ್ಟ್’ ಎಂಬ ಇಂಗ್ಲಿಷ್ ಪುಸ್ತಕವನ್ನು ಬರೆದು, ದೂರದ ಊರುಗಳವರಿಗೂ ಅಂಚೆಯ ಮೂಲಕ ವ್ಯಾಯಾಮ ಕಲಿಸಿದರೆಂಬುದನ್ನು ನಾವು ಹೇಳಿದೆವು. ಅಂಚೆಯಲ್ಲಿ ಬರುವ ವ್ಯಾಯಾಮಕ್ಕೂ ತಾತ ಒಪ್ಪಲಿಲ್ಲ. ಸಿನಿಮಾದ ಮಾತು ಬಂದಾಗ ಮಾತ್ರ ಅವನು ಮೃದುವಾದನು. 1954ರ ‘ಬೇಡರ ಕಣ್ಣಪ್ಪ’ವನ್ನು ಟೂರಿಂಗ್ ಟಾಕೀಸಿನ ಡೇರೆಯಲ್ಲಿ, ನೆಲದ ಮೇಲೆ ಕುಳಿತು ನೋಡಿದನಂತೆ. ಹೋಗಿಬರಲು ಮೂರು ಹರದಾರಿ ನಡಿಗೆ. ಅದನ್ನು ಯಾರೂ ಎಣಿಸಲಿಲ್ಲ.

ಒಳಗೆ ಮುದ್ದೆ ತೊಳಸುತ್ತಿದ್ದ ಗೃಹಿಣಿಯನ್ನು ನಾವು ಅಕ್ಕ ಎಂದು ಕರೆಯುವುದು ರೂಢಿ. ನಡುಮನೆಗೆ ಹೋಗಿ, ನಿನಗೆ ಯಾವ ಸಿನಿಮಾ ಇಷ್ಟವಕ್ಕಾ ಎಂದು ಕೇಳಿದೆವು. “ನಾನೀಗ ಸಿನಿಮಾ ನೋಡೋದಿಲ್ಲ ಕಣಪ್ಪ, ಕೇಳ್ತೀನಿ” ಎಂದಳು. ಮೊಮ್ಮಗಳು ಮೊಬೈಲನ್ನು ಉಪ್ಪಿನ ಡಬ್ಬಿಗೆ ಒರಗಿಸಿ ಚಿತ್ರ ಹಚ್ಚುವಳು. ಅಕ್ಕನ ಕಣ್ಣು ಒಲೆಯ ಮೇಲೆ, ಕಿವಿ ಚಿತ್ರದ ಮೇಲೆ. ಹುಡುಗಿಯಾಗಿದ್ದಾಗ ಡೇರೆಗೆ ಹೋದರೆ ಮೂರು ಗಂಟೆ ಕಾಲ ಯಾರೂ ನೀರು ತಾ, ಹಿಟ್ಟು ತಾ ಎನ್ನುತ್ತಿರಲಿಲ್ಲವಂತೆ. ಪ್ರೊಜೆಕ್ಟರು ಒಂದೇ ಆದ್ದರಿಂದ ರೀಲು ಬದಲಿಸುವಾಗಲೆಲ್ಲ ಆಟ ನಿಲ್ಲುತ್ತಿತ್ತು. ಆಗಲೂ ಸುಮ್ಮನೆ ಕುಳಿತಿರಬಹುದಾಗಿತ್ತು. 1934ರ ‘ಸತಿ ಸುಲೋಚನ’ದಿಂದ ಮೊದಲ್ಗೊಂಡು ಕನ್ನಡ ವಾಕ್ಚಿತ್ರಗಳ ಗುಣದೋಷಗಳನ್ನು ಕುರಿತು ನಾವು ಎಷ್ಟೋ ಓದಿದ್ದೇವೆ. ಸಿನಿಮಾ ಎಂದರೆ ಒಬ್ಬ ಹೆಂಗಸು ಅಡ್ಡಿಯಿಲ್ಲದೆ ಕುಳಿತಿರುವ ಮೂರು ಗಂಟೆ ಎಂಬ ವಿಮರ್ಶೆಯನ್ನು ಮಾತ್ರ ಎಲ್ಲಿಯೂ ಕಂಡಿರಲಿಲ್ಲ.

ಮರುದಿನ ಭಾನುವಾರ. ಹೈಸ್ಕೂಲಿನಲ್ಲಿ ಓದುವ ಆ ಮೊಮ್ಮಗಳಿಗೆ ಒಂದು ಕುತೂಹಲ ಹುಟ್ಟಿತು. ತಾತನ ವಾಚನ್ನು ಬಿಚ್ಚಿ ಅಜ್ಜಿಯ ಕೈಗೆ ಕಟ್ಟಿದಳು. “ಇವತ್ತಿನ ನನ್ನ ಲೆಕ್ಕ ಕೆಟ್ಟುಹೋಗುತ್ತೆ” ಎಂದು ಯಜಮಾನರು ಗೊಣಗಿದರು, ಯಾರೂ ಕೇಳಲಿಲ್ಲ. ಅಕ್ಕ ಕೊಟ್ಟಿಗೆಯ ಸಗಣಿಯನ್ನು ಬುಟ್ಟಿಗೆ ತುಂಬಿ ತಿಪ್ಪೆಗೆ ಹೊತ್ತಳು. ಹಾಲು ಕರೆದು ಡೈರಿಗೆ ಹಾಕಿ ಬಂದಳು. ಹೊಲಕ್ಕೆ ಹೋಗಿ ಹಸುರು ಹುಲ್ಲು ಕೊಯ್ದು, ಹೊರೆ ಕಟ್ಟಿ, ಎರಡು ಕೈಗಳಿಂದಲೂ ಹಿಡಿದು ತಲೆಯ ಮೇಲೆ ಹೊತ್ತು ತಂದಳು. ಹುಡುಗಿ ಪಕ್ಕದಲ್ಲಿಯೇ ನಡೆಯುತ್ತ ಬಾಯಲ್ಲಿ ಹೆಜ್ಜೆಗಳನ್ನು ಎಣಿಸಿಕೊಂಡು ಬಂದಳು. ಅವಳ ಎಣಿಕೆಯಲ್ಲಿ ಒಂಬೈನೂರು ಮಿಕ್ಕಿತ್ತು. ವಾಚು ಆ ದಾರಿಯಲ್ಲಿ ನೂರನ್ನೂ ಕೊಟ್ಟಿರಲಿಲ್ಲ. ಅನಂತರ ಅಕ್ಕ ಒಗೆಯುವ ಕಲ್ಲಿನ ಮುಂದೆ ನಿಂತು, ಒಂದಡಿಯೂ ಕದಲದೆ, ಮನೆಮಂದಿಯ ಬಟ್ಟೆಗಳನ್ನೆಲ್ಲ ಬಡಿದಳು. ಆಗ ವಾಚು ಉತ್ಸಾಹದಿಂದ ನಾನೂರಕ್ಕೂ ಮೇಲೆ ಎಣಿಸಿತು!

ಎಲ್ಲರೂ ನಕ್ಕರು, ವಾಚು ಕೆಟ್ಟಿದೆ ಎಂದರು. ಕೆಟ್ಟಿರಲಿಲ್ಲ. ಅದಕ್ಕೆ ಕಾಲಿನ ಸಮಾಚಾರವೇ ಗೊತ್ತಿಲ್ಲ. ಅದರೊಳಗಿರುವ ಪುಟ್ಟ ಅಂಗವು ಚಲನೆಯ ಏರಿಳಿತಗಳನ್ನು ಅರಿಯುವುದು. ನಡೆಯುವಾಗ ತೋಳು ಒಂದು ಲಯದಲ್ಲಿ ಬೀಸುವುದರಿಂದ, ಆ ಲಯವನ್ನು ಕಂಡು ಇದೊಂದು ಹೆಜ್ಜೆಯೆಂದು ಊಹಿಸುವುದು. ತೋಳು ಹೊರೆಯನ್ನು ಹಿಡಿದು ನಿಂತುಬಿಟ್ಟರೆ ಊಹೆಗೆ ಎಡೆಯಿಲ್ಲ. ಕೈ ಬೀಸಿಕೊಂಡು ನಡೆಯುವವರ ನಡಿಗೆಯೊಂದೇ ಅದಕ್ಕೆ ನಡಿಗೆ. ಮಾಡಿದವರು ಹಾಗೆ ಕಲಿಸಿದ್ದಾರೆ. ಆದರೆ ಆ ಮನೆಯ ಜಗುಲಿಯಲ್ಲಿ ಕುಳಿತು ಹರಟುತ್ತಿದ್ದ ನಮ್ಮ ಕಣ್ಣಿಗೂ ಅದೇ ಪಾಠವಾಗಿತ್ತಲ್ಲ!

ಮಧ್ಯಾಹ್ನ ಮೊಮ್ಮಗಳು ಸಹಜವಾಗಿ ಒಂದು ಪ್ರಶ್ನೆ ಕೇಳಿದಳು: “ತಾತನಿಗೆ ತಿಂಗಳಿಗೊಂದು ಸಲ ರಕ್ತ ನೋಡಿಸ್ತೀರಿ. ಅಜ್ಜಿಗೆ ಯಾವಾಗ ನೋಡ್ಸಿದ್ದು?” ಯಜಮಾನರು ಹೆಂಡತಿಯ ಮುಖ ನೋಡಿದರು. ಅಕ್ಕ ಸೊಸೆಯ ಮುಖ ನೋಡಿದಳು. ಉತ್ತರವಿರಲಿಲ್ಲ. “ಓಡಾಡ್ಕೊಂಡು ಗಟ್ಟಿಯಾಗಿದೀನಲ್ಲ, ನನಗೇನಾಗಿದೆ” ಎಂದಳು ಅಕ್ಕ. ವರ್ಷದಿಂದ ಅಂಗಾಲು ಉರಿಯುತ್ತಿದೆಯೆಂಬ ಮಾತು ಹೊರಬಂದದ್ದು ಆಮೇಲೆ, ಸೊಸೆಯ ಬಾಯಿಂದ. ಉಷ್ಣವೆಂದು ಹರಳೆಣ್ಣೆ ತಿಕ್ಕಿಕೊಳ್ಳುತ್ತಿದ್ದಳಂತೆ.

ಅಂಗಾಲಿನ ಉರಿಗೆ ಕಾರಣಗಳು ಹಲವು. ಹೆಚ್ಚಿದ ಸಕ್ಕರೆಯಿಂದ ನರಗಳಿಗೆ ಆಗುವ ಕೇಡು ಅವುಗಳಲ್ಲಿ ಒಂದು. ದುಡಿಯುವ ಮೈಗೆ ಈ ಕಾಯಿಲೆ ಬರುವುದಿಲ್ಲವೆಂಬುದು ನಮ್ಮಲ್ಲಿ ಬಲವಾದ ನಂಬಿಕೆ, ಅದು ನಿಜವಲ್ಲ. ಮೂವತ್ತು ವರ್ಷ ದಾಟಿದ ಸ್ತ್ರೀಪುರುಷರಿಗೆಲ್ಲ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ರಕ್ತದೊತ್ತಡವನ್ನೂ ಸಕ್ಕರೆಯನ್ನೂ ಹಣವಿಲ್ಲದೆ ಪರೀಕ್ಷಿಸುವ ಏರ್ಪಾಡಿದೆ. ಬೆರಳಿನ ತುದಿಯಿಂದ ಒಂದು ಹನಿ ರಕ್ತ, ಒಂದು ನಿಮಿಷದ ಕೆಲಸ. ಆಶಾ ಕಾರ್ಯಕರ್ತೆ ಬಂದಾಗಲೆಲ್ಲ ಅಕ್ಕ ಕೊಟ್ಟಿಗೆಯಲ್ಲಿಯೋ ಹೊಲದಲ್ಲಿಯೋ ಇದ್ದಳೆಂದು ತಿಳಿಯಿತು.

ಸೋಮವಾರ ಬೆಳಗ್ಗೆ ಅವಳನ್ನು ಕರೆದುಕೊಂಡು ಹೋಗುವುದೆಂದು ನಿಶ್ಚಯವಾಯಿತು. ಹಾಲು ಹಾಕುವವರಾರು, ಹುಲ್ಲು ತರುವವರಾರು ಎಂದು ಅಕ್ಕ ನೂರು ನೆಪ ಹೂಡಿದಳು. ಸೊಸೆ ಬಿಡಲಿಲ್ಲ. ಪರೀಕ್ಷೆಯಲ್ಲಿ ಸಕ್ಕರೆ ಯಜಮಾನರಿಗಿಂತ ಹೆಚ್ಚಾಗಿಯೇ ಇತ್ತು. ಎಷ್ಟು ಕಾಲದಿಂದ ಇತ್ತೆಂದು ವೈದ್ಯರು ಕೇಳಿದರಂತೆ; ಹೇಳುವುದಕ್ಕೆ ಯಾವ ಲೆಕ್ಕವೂ ಇರಲಿಲ್ಲ.

ಮೊಮ್ಮಗಳು ಈಗ ವಾಚನ್ನು ಅಜ್ಜಿಯ ಕಾಲಿಗೆ ಕಟ್ಟಿ ನೋಡಿದ್ದಾಳೆಂದೂ, ಅಲ್ಲಿ ಅದು ಹೊರೆ ಹೊತ್ತ ಹೆಜ್ಜೆಯನ್ನೂ ಎಣಿಸುತ್ತಿದೆಯೆಂದೂ ಮೊನ್ನೆ ಫೋನಿನಲ್ಲಿ ಸುದ್ದಿ ಬಂತು. “ಹಸೂಗೆ ಗೆಜ್ಜೆ ಕಟ್ಟಿದಂಗಿದೆ” ಎಂದು ಅಕ್ಕ ನಗುತ್ತಾಳಂತೆ.

ಆ ಸೋಮವಾರ ಹಾಲಿನ ಕ್ಯಾನನ್ನು ಡೈರಿಗೆ ಹೊತ್ತವರು ಯಜಮಾನರು. ಹೋಗುವಾಗ ವಾಚು ಅವರ ಕೈಯಲ್ಲಿರಲಿಲ್ಲ. ಎಷ್ಟು ಹೆಜ್ಜೆಯಾಯಿತೆಂದು ನಾವೂ ಕೇಳಲಿಲ್ಲ.